ಚೋಮ ಕೇಳಿದ ತುಂಡು ಭೂಮಿ
(ಪುತ್ತೂರಿನ ಚಿಂತನಗೋಷ್ಠಿಯಲ್ಲಿ ಆಡಿದ ಮಾತುಗಳು)



ಕಾದಂಬರಿಯೊಂದು ಮೇರುಕೃತಿ ಎನಿಸಿಕೊಳ್ಳುವುದು ಯಾವಾಗ ಎಂಬ ವಿಷಯ ಕೊಟ್ಟಿದ್ದೀರಿ. ಪುತ್ತೂರಿನಲ್ಲಿ ನಿಂತವನು ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಬಾಲವನ ಇಲ್ಲಿದೆ. ಈಗ ಕಡಬ ತಾಲ್ಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಕಾಡು ಅವರ ‘ಬೆಟ್ಟದ ಜೀವ’ದ ನೆಲ. ಹಾವೇರಿ ಕಡೆಯ ನಾನು ಸುಳ್ಯಕ್ಕೆ ಮೇಷ್ಟರಾಗಿ ಬಂದಾಗ, ಅಡಿಕೆ ತೋಟದ ಮನೆಗಳಲ್ಲಿ ಗೋಪಾಲಯ್ಯನವರ ಮಾತು ನೆಂಟರ ಮಾತಿನಂತೆ ಬರುತ್ತಿತ್ತು. ಆದರೂ ಇಂದು ನಾನು ಹಿಡಿದು ಬಂದಿರುವುದು 1933ರ ‘ಚೋಮನ ದುಡಿ’ಯನ್ನು.

ಅದು ಚಲನಚಿತ್ರವಾಗಿ ಸ್ವರ್ಣಕಮಲ ಪಡೆಯಿತು, ಸರಿ. ಪ್ರಶಸ್ತಿಯಿಂದ ಕೃತಿಯನ್ನು ಅಳೆಯುವುದು ನನಗೆ ಒಗ್ಗದು. ಎರಡನೆಯ ಸಲ ಓದುವಾಗ ಅದು ನಮ್ಮನ್ನು ಎಲ್ಲಿ ನಿಲ್ಲಿಸುತ್ತದೆ? ನಾನು ನೋಡುವುದು ಅದನ್ನು.

ಕಾಲೇಜಿನಲ್ಲಿ ಓದಿದಾಗ ನಾನು ಚೋಮನ ಪಕ್ಕದಲ್ಲಿದ್ದೆ. ಅಸ್ಪೃಶ್ಯನೆನಿಸಿಕೊಂಡ ಜೀತದಾಳು, ಕಾಡಿನಲ್ಲಿ ಸಿಕ್ಕ ಎರಡು ಎತ್ತುಗಳನ್ನು ಸಾಕಿ, ಉಳಲು ತುಂಡು ಭೂಮಿ ಕೇಳಿದವನು. ಕೊಡದ ಧಣಿ ಸಂಕಪ್ಪಯ್ಯನನ್ನು ಮನಸಾರೆ ಶಪಿಸಿದೆ. ನಲವತ್ತರ ಮೇಲೆ ಮತ್ತೆ ಓದಿದರೆ, ಸಂಕಪ್ಪಯ್ಯ ಕೆಟ್ಟವನೇ ಅಲ್ಲ! ಅವನ ಮನಸ್ಸು ಕೊಡುವ ಕಡೆಗೇ ವಾಲಿತ್ತು. ತಾಯಿ ಬೇಡವೆಂದಳು, ಅವನು ಸುಮ್ಮನಾದ. ಅಷ್ಟೇ.

ಚೋಮನನ್ನೂ ಕಾರಂತರು ಸಾಧುವಾಗಿ ಚಿತ್ರಿಸಿಲ್ಲ. ಕುಡಿಯುತ್ತಾನೆ, ಸಿಡುಕುತ್ತಾನೆ. ಭೂಮಿಯ ಆಸೆಗೆ ಮತಾಂತರವಾಗಲು ಹೊರಟವನು ದೈವಕ್ಕೆ ಅಂಜಿ ಹಿಂದಿರುಗುತ್ತಾನೆ. ನಾವು ಬರೆದಿದ್ದರೆ ಅವನ ಕೊರಳಿಗೆ ಲಿಂಗ ಕಟ್ಟಿ, ವಿಭೂತಿ ಹಚ್ಚಿ, ಕಥೆ ಮುಗಿಸುತ್ತಿದ್ದೆವು. (ನಗಬೇಡಿ, ಅಂಥ ಪುಸ್ತಕಗಳಿಗೆ ನಾನೇ ಮುನ್ನುಡಿ ಬರೆದಿದ್ದೇನೆ.) ಓದುಗನಿಗೆ ಸಮಾಧಾನ; ಚೋಮನಿಗೆ ಮಾತ್ರ ಗದ್ದೆಯಿಲ್ಲ.

1974ರ ಭೂಸುಧಾರಣೆ ಬಂದಮೇಲೆ ಕಥೆ ಹಳತಾಯಿತು ಎನ್ನುವವರಿದ್ದಾರೆ. ಆ ಕಾನೂನು ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಚೋಮ ಗೇಣಿದಾರನೂ ಅಲ್ಲ. ಯಾವ ಡಿಕ್ಲರೇಷನ್ ಹಾಕಬೇಕು ಅವನು?

ನಮ್ಮ ಮನೆಯಲ್ಲಿ ಬೆಳಿಗ್ಗೆ ವಚನಪಾರಾಯಣ ತಪ್ಪುತ್ತಿರಲಿಲ್ಲ. ಮಾದಾರ ಚೆನ್ನಯ್ಯನವರ ಹೆಸರು ಬಂದಾಗ ಅಪ್ಪ ಕೈಮುಗಿಯುತ್ತಿದ್ದರು. ಆಗ ನಮ್ಮ ಆಳುಮಗ ಅಂಗಳದಾಚೆ ಕೂತು ಕೇಳುತ್ತಿದ್ದ. ಒಂದು ಸಲ ಅವನು ಹಳ್ಳದ ಪಕ್ಕದ ಎರಡೆಕರೆ ಕೇಳಿದ. ಅಪ್ಪನಿಗೆ ಕೊಡುವ ಮನಸ್ಸಿತ್ತು. ‘ಇವತ್ತ ಹೊಲ ಕೊಟ್ಟರ ನಾಳೆ ಪಡಸಾಲಿಗೆ ಬರ್ತಾನ’ ಅಂದಳು ಅಜ್ಜಿ. ಅಪ್ಪ ಸುಮ್ಮನಾದರು. ಸಂಕಪ್ಪಯ್ಯನ ತಾಯಿಯ ಮಾತು ಬಂದ ಪುಟದಲ್ಲಿ ನಾನು ಪುಸ್ತಕ ಮುಚ್ಚಿಟ್ಟದ್ದು ಅದಕ್ಕೇ. ತಿಂಗಳಾದ ಮೇಲೆ ಮತ್ತೆ ತೆಗೆದೆ.

ಆ ಎರಡೆಕರೆಯ ಪಹಣಿ ಈಗ ನನ್ನ ಹೆಸರಿನಲ್ಲಿದೆ. ಆಳುಮಗ ತೀರಿಕೊಂಡ; ಅವನ ಮೊಮ್ಮಗ ಅದೇ ಊರಲ್ಲಿದ್ದಾನೆ.