ಇಲಿಗೆ ಆದ ಗುಣ ನಮ್ಮ ಮಕ್ಕಳಿಗೆ ಯಾವಾಗ?

(ಹಾರೋಹಳ್ಳಿಯಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



"ಸಿಸ್ಟರ್, ಹೊಸ ಕೋಶ ಹಾಕಿ ಸಕ್ಕರೆ ಕಾಯಿಲೇನ ಪೂರ್ತಿ ವಾಸಿ ಮಾಡ್ತಾರಂತೆ, ಸಂಘದಲ್ಲಿ ಸಾಲ ಸಿಗ್ತದಾ?" ಎಂದು ಕೆಲವರು ನಮ್ಮನ್ನು ಕೇಳುತ್ತಾರೆ. ಸಾಲದ ಅರ್ಜಿ ಬರೆಯುವ ಮೊದಲು ಇದರಲ್ಲಿ ನಿಜವೆಷ್ಟು ಎಂದು ತಿಳಿಯೋಣ.

ನಮ್ಮ ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಅದರೊಳಗೆ ರಾಗಿ ಕಾಳಿಗಿಂತ ಎಷ್ಟೋ ಚಿಕ್ಕದಾದ ಜೀವಕೋಶಗಳ ಗುಂಪುಗಳಿವೆ. ಅವುಗಳ ಹೆಸರು ಐಲೆಟ್. ಇನ್ಸುಲಿನ್ ತಯಾರಾಗುವುದು ಅಲ್ಲೇ. ಉಂಡ ಮುದ್ದೆ, ಅನ್ನದ ಸಕ್ಕರೆಯನ್ನು ಮೈಗೆ ಹಿಡಿಸುವುದು ಈ ಇನ್ಸುಲಿನ್. ಕೆಲವು ಮಕ್ಕಳಲ್ಲಿ ದೇಹದ ರಕ್ಷಣಾ ಶಕ್ತಿಯೇ ಈ ಕೋಶಗಳನ್ನು ಕೊಲ್ಲುತ್ತದೆ. ಇದೇ ಟೈಪ್ 1 ಸಕ್ಕರೆ ಕಾಯಿಲೆ. ದೊಡ್ಡವರಲ್ಲಿ ಹೆಚ್ಚಾಗಿ ಬರುವ ಟೈಪ್ 2 ಬೇರೆ.

ಸತ್ತ ಕೋಶದ ಬದಲು ಬೇರೆ ಕೋಶ ಹಾಕಿದರೆ ಹೇಗೆ? 1972ರಲ್ಲಿ ಅಮೆರಿಕದ ಬ್ಯಾಲಿಂಜರ್ ಮತ್ತು ಲೇಸಿ ಎಂಬ ವೈದ್ಯರು ಇಲಿಗಳಿಂದ ಐಲೆಟ್ ಬಿಡಿಸಿ, ಕಾಯಿಲೆಯ ಇಲಿಗಳಿಗೆ ಹಾಕಿದರು. ಕಾಯಿಲೆ ಹತೋಟಿಗೆ ಬಂತು. ಮನುಷ್ಯರಲ್ಲಿ ಒಳ್ಳೆಯ ಫಲ ಕಂಡದ್ದು 2000ದಲ್ಲಿ, ಕೆನಡಾದ ಎಡ್ಮಂಟನ್‌ನಲ್ಲಿ, 7 ಮಂದಿಯಲ್ಲಿ. ನಡುವೆ 28 ವರ್ಷ!

ಇಷ್ಟು ತಡ ಯಾಕೆ? ಬೇರೆಯವರ ಕೋಶವನ್ನು ನಮ್ಮ ದೇಹ ಒಪ್ಪುವುದಿಲ್ಲ. ಒಪ್ಪಿಸಲು ದಿನವೂ ಗಟ್ಟಿ ಔಷಧಿ ನುಂಗಬೇಕು. ಅದರಿಂದ ಸೋಂಕು ತಗಲುವ ಭಯ, ಮೂತ್ರಪಿಂಡಕ್ಕೂ ತೊಂದರೆ. ಆ ಚಿಕಿತ್ಸೆ ಪಡೆದವರಲ್ಲಿ ಬಹಳ ಜನ ಐದು ವರ್ಷದೊಳಗೆ ಮತ್ತೆ ಇನ್ಸುಲಿನ್‌ಗೆ ಬಂದರು.

ಹುಳು ಸಾಕುವ ನಿಮಗೆ ಇನ್ನೊಂದು ಸಂಗತಿ. ಗುವಾಹಟಿಯ ಐಐಟಿಯಲ್ಲಿ ಬಿಮನ್ ಮಂಡಲ್ ಅವರ ತಂಡ ಐಲೆಟ್‌ಗಳಿಗೆ ರೇಷ್ಮೆಯಿಂದಲೇ ಗೂಡಿನಂಥ ಆಸರೆ ಮಾಡಿ, 2017-18ರ ಸುಮಾರಿಗೆ ಇಲಿಗಳಲ್ಲಿ ಪರೀಕ್ಷೆ ನಡೆಸಿತು. ದೇಹ ಐಲೆಟ್‌ಗಳ ಮೇಲೆ ಬೀಳದಂತೆ ಕಾಯುವುದೇ ಉದ್ದೇಶ. ನಮ್ಮ ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೆ ಇಂಥ ಉಪಯೋಗವೂ ಇದ್ದೀತು. ಆದರೆ ಇದು ಇನ್ನೂ ಸಂಶೋಧನೆ, ಚಿಕಿತ್ಸೆಯಲ್ಲ.

2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆಕರ ಕೋಶಗಳಿಂದ ಬೆಳೆಸಿದ ಐಲೆಟ್‌ಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿಗೆ ವರ್ಷದ ನಂತರ ಇನ್ಸುಲಿನ್ ಬೇಕಾಗಲಿಲ್ಲ. ಇದು ದೊಡ್ಡ ಭರವಸೆಯೇ. ಅವರಿಗೂ ಆ ಗಟ್ಟಿ ಔಷಧಿ ತಪ್ಪಲಿಲ್ಲ ಎಂಬುದು ನೆನಪಿರಲಿ.

ಈ ಭರವಸೆಯನ್ನೇ ಬಂಡವಾಳ ಮಾಡಿಕೊಂಡು, "ಸ್ಟೆಮ್ ಸೆಲ್ ಹಾಕ್ತೀವಿ, ಲಕ್ಷ ತನ್ನಿ" ಎನ್ನುವವರಿದ್ದಾರೆ. ನಮ್ಮ ದೇಶದ ಐಸಿಎಂಆರ್ 2017ರ ಮಾರ್ಗಸೂಚಿಯ ಪ್ರಕಾರ ಸಕ್ಕರೆ ಕಾಯಿಲೆಗೆ ಇದನ್ನು ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಅದಕ್ಕೆ ರೋಗಿಯಿಂದ ಹಣ ಕೇಳುವಂತಿಲ್ಲ. ಹಣ ಕೇಳಿದರೆ ಅಲ್ಲೇ ಎಚ್ಚರವಾಗಿ.

ಅಕ್ಕ ತಂಗಿಯರೇ, ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಪುಡಿ, ಕಷಾಯ, ಹರಕೆ ಯಾವುದೂ ಅದರ ಜಾಗ ತುಂಬದು. ಮಗುವಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮೈ ಇಳಿಯುವುದು ಕಂಡರೆ ಆ ದಿನವೇ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಇನ್ಸುಲಿನ್ ಬಾಟಲಿಯನ್ನು ನೀರು ತಾಗದಂತೆ ತಂಪಾದ ಮಣ್ಣಿನ ಮಡಕೆಯಲ್ಲಿಡಿ.

ಮುಂದಿನ ಸಭೆಯಲ್ಲಿ ಪ್ರತಿ ಸಂಘವೂ ಒಂದು ನಿರ್ಣಯ ಬರೆಯಲಿ ಎಂದು ಕೇಳಿಕೊಳ್ಳುತ್ತೇವೆ. ಪೂರ್ತಿ ವಾಸಿ ಮಾಡುತ್ತೇವೆ ಎನ್ನುವವರಿಗೆ ಕೊಡಲು ಸಾಲ ಬೇಡ. ಇನ್ಸುಲಿನ್‌ಗೆ, ಸಕ್ಕರೆ ನೋಡುವ ಮಿಷನ್ನಿಗೆ, ಅದರ ಪಟ್ಟಿಗೆ ಸಾಲ ಕೇಳಿದ ತಾಯಿಗೆ ಮೊದಲ ಸರದಿ ಇರಲಿ. ಹೊಸ ಚಿಕಿತ್ಸೆ ಬರುವ ದಿನ ಆ ಮಗು ಬದುಕಿರಬೇಕಲ್ಲವೇ?