ಆಟ ಯಾರದು, ಗೇಟು ಯಾರ ಕೈಲಿ?

ಇವತ್ತು ರಾಜಕೀಯಕ್ಕೆ ರಜೆ. ಇವತ್ತು ಆಟದ ಮಾತು.

ಆನ್‌ಲೈನ್ ಗೇಮ್ ಅಂದ ಕೂಡಲೇ ನಮ್ಮಲ್ಲಿ ಎರಡು ಪಾರ್ಟಿ ಹುಟ್ಟಿಕೊಳ್ಳುತ್ತವೆ. ಒಂದು ಪಾರ್ಟಿ, 'ಎಲ್ಲಾ ಬ್ಯಾನ್ ಮಾಡಿ, ಮಕ್ಕಳು ಹಾಳಾದ್ರು' ಅನ್ನುತ್ತೆ. ಇನ್ನೊಂದು, 'ಸಾವಿರಾರು ಕೋಟಿಯ ಉದ್ಯಮ ಇದು, ಕೈ ಹಾಕಬೇಡಿ' ಅನ್ನುತ್ತೆ. ಇಬ್ಬರನ್ನೂ ಸ್ಟುಡಿಯೋದಲ್ಲಿ ಎದುರುಬದುರು ಕೂರಿಸಿದರೆ ಅರ್ಧ ಗಂಟೆ ಜಗಳ ಗ್ಯಾರಂಟಿ. ಆದರೆ ತೀರ್ಮಾನ ಮಾತ್ರ ಇಲ್ಲ. ಯಾಕೆ? ಮೂರು ಬೇರೆ ಬೇರೆ ಸರಕಿಗೆ ಒಂದೇ ಹೆಸರಿಟ್ಟು ಕೂಗಾಡ್ತಿದ್ದೀವಿ. ಒಂದು ಆಟ. ಎರಡನೆಯದು ಜೂಜು. ಮೂರನೆಯದು ಬಾಡಿಗೆ. ಒಂದೊಂದನ್ನೇ ಬಿಡಿಸಿ ನೋಡೋಣ.

ಮೊದಲು ಜೂಜು. ಗದುಗಿನ ಕುಮಾರವ್ಯಾಸ ತನ್ನ ಭಾರತದ ಸಭಾಪರ್ವದಲ್ಲಿ ಇದನ್ನು ನಮಗೆಲ್ಲ ಹೇಳಿಟ್ಟಿದ್ದಾನೆ. ಪಗಡೆ ಆಡಿದ್ದಕ್ಕೆ ಧರ್ಮರಾಯ ಕಾಡಿಗೆ ಹೋಗಲಿಲ್ಲ, ಪಣ ಇಟ್ಟಿದ್ದಕ್ಕೆ ಹೋದ. ನಮ್ಮ ಹಳ್ಳಿಗಳ ಕಟ್ಟೆ ಮೇಲೆ ಇವತ್ತಿಗೂ ಚೌಕಾಬಾರ ಆಡ್ತಾರೆ, ಯಾರ ಮನೆಯೂ ಹರಾಜಾಗಿಲ್ಲ. ಅದೇ ಕಟ್ಟೆ ಮೇಲೆ ನೋಟು ಬಿದ್ದ ದಿನ ಪೊಲೀಸ್ ಜೀಪು ಬರುತ್ತೆ.

ಮೊಬೈಲ್ ಬಂದ ಮೇಲೆ ಕಟ್ಟೆ ಜೇಬಿಗೆ ಬಂತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅಕ್ಟೋಬರ್ 5ರಿಂದ ಜಾರಿ. ಕಂಪನಿಗಳು ಹೈಕೋರ್ಟ್‌ಗೆ ಹೋದವು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ. ಎರಡನ್ನೂ ಒಂದೇ ಕೋಲಿನಿಂದ ಹೊಡೆಯೋಕೆ ಆಗಲ್ಲ ಅನ್ನೋದು ಅದರ ಸಾರ. ಕಾನೂನಿನ ಭಾಷೆಯಲ್ಲಿ ಅದು ದೊಡ್ಡ ವ್ಯತ್ಯಾಸ ಇರಬಹುದು. ಆದರೆ ರಾತ್ರಿ ಎರಡು ಗಂಟೆಗೆ ಸಾಲದ ಆ್ಯಪ್‌ನಿಂದ ದುಡ್ಡು ತೆಗೆದು ರಮ್ಮಿಗೆ ಸುರಿಯೋನ ಮನೆಯಲ್ಲಿ, ಸೋತಿದ್ದು ಕೌಶಲದಿಂದಲೋ ಅದೃಷ್ಟದಿಂದಲೋ ಅಂತ ಯಾರೂ ಕೇಳಲ್ಲ.

ಕಡೆಗೆ ಕೇಂದ್ರವೇ ಕೈ ಹಾಕಿತು. ವರ್ಷಕ್ಕೆ ಸುಮಾರು 45 ಕೋಟಿ ಜನ, ಸುಮಾರು 20 ಸಾವಿರ ಕೋಟಿ ರೂಪಾಯಿ ಕಳ್ಕೊಳ್ತಿದ್ದಾರೆ ಅನ್ನೋದು ಸರ್ಕಾರದ ಕಡೆಯಿಂದ ಬಂದ ಅಂದಾಜು. 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನ! ಹಣದ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟರೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಕ್ರಿಕೆಟ್ ತಂಡದ ಜೆರ್ಸಿ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರೂ ಹೋಯ್ತು. ಕಂಪನಿಗಳು ಮತ್ತೆ ಕೋರ್ಟ್ ಮೆಟ್ಟಿಲೇರಿದವು. ನಮ್ಮ ಹೈಕೋರ್ಟೂ ಸೇರಿ ಬೇರೆ ಬೇರೆ ಕಡೆ ಇದ್ದ ಅರ್ಜಿಗಳನ್ನು ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಬಳಿಗೇ ತರಿಸಿಕೊಂಡಿತು.

ಇಲ್ಲಿ ಒಂದು ಮಾತು ಗಮನಿಸಿ. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ, ಹಣ ಕಟ್ಟದೆ ಆಡೋ ಆಟಗಳಿಗೆ ಪ್ರೋತ್ಸಾಹ ಕೊಡ್ತೀವಿ ಅಂತಲೂ ಹೇಳುತ್ತೆ. ಅಂದ್ರೆ ದಿಲ್ಲಿಯೂ ಆಟವನ್ನೂ ಜೂಜನ್ನೂ ಬೇರೆ ಮಾಡಿದೆ. ನಾವು ಮನೆಯಲ್ಲಿ ಮಾಡಿಲ್ಲ.

ಮುಂಡರಗಿ ತಾಲೂಕಿನ ಸಿಂಗಟಾಲೂರಿನಿಂದ ಒಬ್ಬ ರೈತರು ಫೋನ್ ಮಾಡಿದ್ದರು. 'ಸರ, ಮಗ ಗೇಮಿನ ಸಲುವಾಗಿ ಲಕ್ಷ ರೂಪಾಯಿ ಕಂಪ್ಯೂಟರ್ ಕೊಡಸು ಅಂತ ಗಂಟ ಬಿದ್ದಿದ್ದ. ಈಗ ಅದೇನೂ ಬ್ಯಾಡ, ತಿಂಗಳಾ ಇಷ್ಟು ಕಟ್ಟಿದ್ರ ಇದ ಮೊಬೈಲ್‌ನ್ಯಾಗ ಎಲ್ಲಾ ಬರ್ತದ ಅಂತಾನ. ಇದೂ ರಮ್ಮಿ ಇದ್ದಂಗ ಏನ್ರೀ?'

ರಮ್ಮಿ ಅಲ್ಲ ಯಜಮಾನ್ರೇ. ಇದು ಮೂರನೆಯದು, ಬಾಡಿಗೆ. ಕ್ಲೌಡ್ ಗೇಮಿಂಗ್ ಅಂತಾರೆ. ಆಟ ನಡೆಯೋದು ನಿಮ್ಮ ಮಗನ ಮೊಬೈಲ್‌ನಲ್ಲಲ್ಲ, ನೂರಾರು ಕಿಲೋಮೀಟರ್ ದೂರದ ಕಂಪನಿಯ ದೊಡ್ಡ ಕಂಪ್ಯೂಟರ್‌ನಲ್ಲಿ. ಹುಡುಗ ಇಲ್ಲಿ ಬಟನ್ ಒತ್ತಿದರೆ ಅದು ಅಲ್ಲಿಗೆ ಹೋಗಿ, ಅಲ್ಲಿಂದ ಚಿತ್ರ ವಾಪಸ್ ಬರುತ್ತೆ. ಸಿನಿಮಾ ಥರ ವಿಡಿಯೋ ಬರ್ತಿರುತ್ತೆ, ಆದರೆ ಆ ಸಿನಿಮಾದ ಹೀರೋ ನಿಮ್ಮ ಹುಡುಗ ಹೇಳಿದಂಗೆ ಓಡ್ತಾನೆ. ಒಳ್ಳೇದೇ. ಬಡವರ ಮನೆ ಹುಡುಗನಿಗೂ ದುಬಾರಿ ಮಿಷನ್ ಇಲ್ಲದೆ ಒಳ್ಳೆ ಆಟ ಸಿಗುತ್ತೆ.

ಆದರೆ ಲೆಕ್ಕ ಹಾಕಿ. ಇಂಥ ಸೇವೆ ಕೊಡುವ ಎನ್‌ವಿಡಿಯಾ ಕಂಪನಿಯೇ ಕೇಳುವ ಕನಿಷ್ಠ ವೇಗ ಸೆಕೆಂಡಿಗೆ ಸುಮಾರು 15 ಮೆಗಾಬಿಟ್. ಆ ವೇಗದಲ್ಲಿ ಪೂರ್ತಿ ಹರಿದರೆ ಗಂಟೆಗೆ ಆರೂಮುಕ್ಕಾಲು ಜಿಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡಿದ್ದರೆ ಹದಿಮೂರು ನಿಮಿಷಕ್ಕೆ ಖಾಲಿ! ಹದಿನಾಲ್ಕನೇ ನಿಮಿಷಕ್ಕೆ ಹೀರೋ ನಿಂತಲ್ಲೇ ನಿಲ್ತಾನೆ. ತಿಂಗಳ ಚಂದಾ ಮಾತ್ರ ನಿಲ್ಲಲ್ಲ.

ಇನ್ನೂ ದೊಡ್ಡ ಪ್ರಶ್ನೆ ಬೇರೆ ಇದೆ. ಸಿಂಗಟಾಲೂರಿನವರಿಗೆ ಅದನ್ನು ನೀರಿನ ಲೆಕ್ಕದಲ್ಲೇ ಹೇಳ್ತೀನಿ. ಅವರ ಊರಿನ ಹೆಸರಲ್ಲೇ ಏತ ನೀರಾವರಿ ಯೋಜನೆ ಇದೆ. ಹಮ್ಮಿಗಿ ಹತ್ತಿರ ತುಂಗಭದ್ರೆಗೆ ಬ್ಯಾರೇಜು, ಅಲ್ಲಿಂದ ನೀರೆತ್ತಿ ಕಾಲುವೆಗೆ ಬಿಡಬೇಕು. ಸ್ವಂತ ಬಾವಿ ಇದ್ದವನು ಬೇಕಾದಾಗ ನೀರು ಹಾಯಿಸ್ತಾನೆ. ಕಾಲುವೆ ನಂಬಿದವನು ಗೇಟು ಎತ್ತೋವರೆಗೆ ಕಾಯ್ತಾನೆ. ಹೊಲ ನಿಮ್ಮದು, ಬೀಜ ನಿಮ್ಮದು, ಬೆವರು ನಿಮ್ಮದು. ಗೇಟು ನಿಮ್ಮದಲ್ಲ. ಕಾಲುವೆಯ ಗೇಟು ಸರ್ಕಾರದ ಕೈಲಿದೆ, ಧರಣಿ ಕೂರಬಹುದು, ಶಾಸಕರನ್ನ ಕೇಳಬಹುದು. ಕ್ಲೌಡ್ ಗೇಟು ಕಂಪನಿ ಕೈಲಿದೆ. ಯಾರ ಮನೆ ಮುಂದೆ ಕೂರ್ತೀರಿ?

ಇದು ಕಲ್ಪನೆಯ ಭಯವಲ್ಲ. ಗೂಗಲ್ 2019ರ ನವೆಂಬರ್‌ನಲ್ಲಿ ಸ್ಟೇಡಿಯಾ ಅಂತ ಇಂಥದ್ದೇ ಸೇವೆ ಶುರು ಮಾಡಿ, 2023ರ ಜನವರಿ 18ಕ್ಕೆ ಬಾಗಿಲು ಹಾಕಿತು. ಅಷ್ಟು ದೊಡ್ಡ ಗೂಗಲ್! ಆಟ ಕೊಂಡವರಿಗೆ ಹಣ ವಾಪಸ್ ಕೊಡ್ತು, ಅದು ಅದರ ದೊಡ್ಡತನ. ಎಲ್ಲರೂ ಹಾಗಲ್ಲ. ಯೂಬಿಸಾಫ್ಟ್ ಕಂಪನಿಯ 'ದಿ ಕ್ರೂ' ಅನ್ನೋ ಕಾರ್ ಓಟದ ಆಟ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್. ದುಡ್ಡು ಕೊಟ್ಟು ಕೊಂಡ ಡಿಸ್ಕ್ ಕೈಯಲ್ಲೇ ಇದ್ದರೂ ಆಟ ಆಡೋಕಾಗಲ್ಲ. ಯುರೋಪಿನಲ್ಲಿ ಇದರ ವಿರುದ್ಧ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನೇ ಬಂದಿದೆ: ಪರವಾನಗಿ ಮಾತ್ರ ಮಾರ್ತಿದ್ದರೆ, ಅದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳದೆ 'ಖರೀದಿಸಿ' ಅಂತ ಬಟನ್ ಇಡಂಗಿಲ್ಲ.

ನಮ್ಮ ಕರ್ನಾಟಕ ಏನು ಮಾಡಬೇಕು? ಆ್ಯನಿಮೇಷನ್, ಗೇಮಿಂಗ್‌ಗೆ 2012ರಲ್ಲೇ ನೀತಿ ತಂದ ರಾಜ್ಯ ಇದು. 2024ರಲ್ಲಿ ಅದನ್ನು ಹೊಸದು ಮಾಡಿದ್ದೂ ಆಗಿದೆ. ಉದ್ಯೋಗ ಬರಲಿ, ಯಾರು ಬೇಡ ಅಂತಾರೆ? ಗದಗಿನ ಹುಡುಗ ಹುಡುಗಿಯರೂ ಆಟ ಕಟ್ಟೋದು ಕಲೀಲಿ. ಆದರೆ ಕಂಪನಿಗೆ ಕೆಂಪು ಹಾಸು ಹಾಸುವ ಸರ್ಕಾರ, ಗಿರಾಕಿಗೂ ಒಂದು ಚಾಪೆ ಹಾಸಬೇಕಲ್ಲವಾ? ಮಾರ್ತಿದ್ದೀರೋ ಬಾಡಿಗೆ ಕೊಡ್ತಿದ್ದೀರೋ ಅಂತ ಕನ್ನಡದಲ್ಲಿ ಬರೀರಿ. ಮುಚ್ಚೋ ಮುಂಚೆ ಎಷ್ಟು ದಿನದ ನೋಟಿಸ್ ಕೊಡ್ತೀರಿ, ಹಣ ವಾಪಸ್ ಉಂಟೋ ಇಲ್ಲವೋ, ಹೇಳಿ. ಇಷ್ಟನ್ನು ಕಡ್ಡಾಯ ಮಾಡೋಕೆ ಬೊಕ್ಕಸದಿಂದ ದೊಡ್ಡ ಮೊತ್ತವೇನೂ ಬೇಕಿಲ್ಲ.

ಇನ್ನು ಅಪ್ಪ ಅಮ್ಮಂದಿರಿಗೆ. ಮಗ ಗೇಮ್ ಅಂದ ತಕ್ಷಣ ಮೊಬೈಲ್ ಕಿತ್ತು ಬಿಸಾಡಬೇಡಿ. ಪಕ್ಕದಲ್ಲಿ ಕೂತು ಮೂರು ಮಾತು ಕೇಳಿ. ಗೆದ್ದರೆ ದುಡ್ಡು ಬರುತ್ತಾ? ಬರುತ್ತೆ ಅಂದರೆ ಅದು ಜೂಜು, ಅಲ್ಲೇ ನಿಲ್ಲಿಸಿ. ತಿಂಗಳಿಗೆ ದುಡ್ಡು ಹೋಗುತ್ತಾ? ಹೋಗುತ್ತೆ ಅಂದರೆ ಆಟೋಪೇ ಯಾರ ಖಾತೆಗಿದೆ ನೋಡಿ, ಯುಪಿಐ ಪಿನ್ ಮಗನಿಗೆ ಕೊಡಬೇಡಿ. ಆಟ ಬಿಟ್ಟು ಊಟ, ನಿದ್ದೆ, ಶಾಲೆ ಎಲ್ಲ ಮರೀತಿದ್ದಾನಾ? ಹಾಗಿದ್ದರೆ ಬೈಗುಳ ಮದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 'ಶಟ್' ಕ್ಲಿನಿಕ್ ಇದೆ. ನಿಮಗೆ ಹತ್ತಿರ ಧಾರವಾಡದ ಡಿಮ್ಹಾನ್ಸ್. ಎಲ್ಲಿಗೂ ಹೋಗೋಕಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮನಸ್, ಪೈಸೆ ಖರ್ಚಿಲ್ಲ. ದುಡ್ಡು ಮೋಸ ಹೋಗಿದ್ದರೆ 1930, ತಡ ಮಾಡಬೇಡಿ. ಮೊದಲ ಒಂದೆರಡು ಗಂಟೆ ಬಹಳ ಮುಖ್ಯ.

ಮಕ್ಕಳು ಆಡಲಿ. ಪಣ ಬೇಡ. ಬಾಡಿಗೆಗೆ ತಗೊಂಡರೆ ಬಾಡಿಗೆ ಅಂತ ಗೊತ್ತಿದ್ದು ತಗೊಳ್ಳಲಿ.