ಸಾರುವೆಯೂ ಮೂಳೆಯೂ

ಮನೆ ಕಟ್ಟುವಾಗ ಸಾರುವೆ ಹಾಕ್ತೀವಿ, ಗೋಡೆ ಗಟ್ಟಿಯಾದ ಮೇಲೆ ಬಿಚ್ತೀವಿ. ಮುರಿದ ಮೂಳೆಗೆ ಹಾಕಿದ ಲೋಹದ ಪ್ಲೇಟ್ ತೆಗೀಬೇಕಂದ್ರೆ ಮತ್ತೊಂದು ಆಪರೇಷನ್. ಭಾರವನ್ನೆಲ್ಲ ಪ್ಲೇಟೇ ಹೊತ್ತರೆ ಕೆಳಗಿನ ಮೂಳೆ ಸೊರಗುತ್ತೆ. ಯಾಕಂದ್ರೆ ಮೂಳೆ ಬಲಿಯೋದೇ ಭಾರ ಹೊತ್ತು.

ಹಾಗಾಗಿ ವಿಜ್ಞಾನಿಗಳು, ನಮ್ಮ ಬೆಂಗಳೂರಿನ ಐಐಎಸ್‌ಸಿಯವರೂ ಸೇರಿ, ಮೂಳೆ ಬೆಳೆದಂತೆ ತಾನೇ ಕರಗಿ ಜಾಗ ಬಿಡುವ ವಸ್ತುಗಳ ಬೆನ್ನು ಹತ್ತಿದ್ದಾರೆ. 2006ರಲ್ಲೇ ಅಮೆರಿಕದ ಪ್ರಯೋಗವೊಂದು ದಾರಿ ತೋರಿಸಿತ್ತು: ಒಂದೇ ಬಗೆಯ ಕಾಂಡಕೋಶಗಳು ತುಸು ಬಿಗಿಯಾದ ಜೆಲ್ ಮೇಲೆ ಸ್ನಾಯುವಿನತ್ತ, ಇನ್ನೂ ಗಟ್ಟಿ ಜೆಲ್ ಮೇಲೆ ಮೂಳೆಯತ್ತ ಹೊರಳಿದವು.

ಆದ್ರೆ ಮಂಡಿಯ ಮೃದ್ವಸ್ಥಿಯಲ್ಲಿ ರಕ್ತನಾಳವೇ ಇಲ್ಲ. ಸವೆದರೆ ಸುಲಭಕ್ಕೆ ಮತ್ತೆ ಬೆಳೆಯಲ್ಲ. ಲ್ಯಾಬಿನ ಗೆಲುವು ಆಸ್ಪತ್ರೆ ತಲುಪೋಕೆ ವರ್ಷಗಳು ಬೇಕು. ಅಲ್ಲೀವರೆಗೆ, ‘ಒಂದೇ ಇಂಜೆಕ್ಷನ್, ಹೊಸ ಮಂಡಿ’ ಅನ್ನೋ ಜಾಹೀರಾತು ನಂಬಿ ಅಮ್ಮನ ಬಳೆ ಅಡ ಇಡಬೇಡಿ.